ಚೌತಿ ಚಂದ್ರನ ಅಪವಾದ

ಚೌತಿಯ ಸಂಜೆ ಹನಿ ಬಿತ್ತೆಂದು, ಒಣಗಹಾಕಿದ್ದ ಬಟ್ಟೆ ತರಲು ಅಮ್ಮ ಅಕ್ಕನನ್ನು ತಾರಸಿಗೆ ಅಟ್ಟಿದರು. ಶ್ರೀರಾಂಪುರದಲ್ಲಿ ನಮ್ಮ ಮನೆಯ ಪಶ್ಚಿಮಕ್ಕೆ ಇನ್ನೂ ಖಾಲಿ ಸೈಟುಗಳು, ಆಕಾಶಕ್ಕೆ ಮರೆಯೇ ಇಲ್ಲ. ಅದೇ ಹೊತ್ತಿಗೆ ಮೋಡ ಬೇರೆ ಸರಿಯಬೇಕೇ! ಕೆಳಗಿಳಿದ ಅಕ್ಕ ನಗುತ್ತಾ, "ಚಂದ್ರನ್ನ ನೋಡ್ಬುಟ್ಟೆ ಕಣಮ್ಮ" ಎಂದಳು. ಅಮ್ಮ ನಗಲಿಲ್ಲ. ಗಣಪತಿಯನ್ನು ನೋಡಿ ನಕ್ಕು ಶಾಪ ಪಡೆದ ಚಂದ್ರ ಅವನು. ಆ ದಿನ ಅವನನ್ನು ಕಂಡವರಿಗೆ ಮಾಡದ ತಪ್ಪಿನ ಅಪವಾದ ಬಂದೇ ಬರುತ್ತದೆಂದು ಅಮ್ಮನಿಗೆ ಖಾತ್ರಿ.

ತಿಂಗಳು ತುಂಬಿರಲಿಲ್ಲ, ಅಕ್ಕ ಪಾಠ ಹೇಳುವ ಶಾಲೆಯಲ್ಲಿ ಪ್ರಶ್ನೆಪತ್ರಿಕೆ ಮೊದಲೇ ಹೊರಬಿತ್ತು. ಅದನ್ನಿಟ್ಟಿದ್ದ ಬೀರುವಿನ ಕೀಲಿ ಇದ್ದದ್ದು ಅವಳ ಹತ್ತಿರ. ವಿಚಾರಣೆ ಮುಗಿಯುವವರೆಗೆ ಬರಬೇಡಿ ಎಂದುಬಿಟ್ಟರು. ಅವಳು ಅಂಥದ್ದು ಮಾಡುವವಳಲ್ಲವೆಂದು ನನಗೆ ಗೊತ್ತು. ಗೊತ್ತಿದ್ದು ಏನು ಬಂತು? ಶಾಲೆಗೆ ಹೋಗಿ ಆಫೀಸಿನ ಹೊರಗಿನ ಬೆಂಚಿನ ಮೇಲೆ ಕೂತು ಎದ್ದುಬಂದೆ, ಅಷ್ಟೇ.

ಅಮ್ಮನ ಹತ್ತಿರ ಮಾತ್ರ ಪರಿಹಾರವಿತ್ತು. ಶಮಂತಕ ಮಣಿಯ ಕಥೆ ಕೇಳಿದರೆ ಅಪವಾದ ಕಳೆಯುತ್ತದಂತೆ. ಹಬ್ಬದ ದಿನ ಕೇಳಿದ್ದು ಸಾಲದೆಂದು ದಿನವೂ ಸಂಜೆ ದೀಪ ಹಚ್ಚಿ, ಅಕ್ಕನ ಕೈಗೆ ಅಕ್ಷತೆ ಕೊಟ್ಟು ಕೂರಿಸುತ್ತಿದ್ದರು. ಅಮ್ಮನಿಗೆ ಕಣ್ಣಿನ ಪೊರೆ, ಹಾಗಾಗಿ ಓದುವ ಕೆಲಸ ನನ್ನದು. ಮಣಿ ಕದ್ದನೆಂಬ ಸುಳ್ಳು ಆರೋಪ ಹೊತ್ತ ಕೃಷ್ಣ ಕಾಡು ಹೊಕ್ಕು, ಜಾಂಬವಂತನ ಗುಹೆಯಿಂದ ಅದನ್ನು ತಂದು ಎಲ್ಲರಿಗೂ ತೋರಿಸುವವರೆಗೆ ಓದಬೇಕು.

ಒಂದು ದಿನ ನನಗೆ ರೇಗಿತು. "ಚಂದ್ರನಿಗೂ ಬೀರು ಕೀಲಿಗೂ ಏನಮ್ಮ ಸಂಬಂಧ?"

ಅಮ್ಮ ಸೌಟು ಕೆಳಗಿಟ್ಟರು. "ಬಟ್ಟೆ ತಗೊಂಬಾ ಅಂತ ಮೇಲಕ್ಕೆ ಕಳಿಸ್ದೋಳು ನಾನು ಕಣೋ. ಚಂದ್ರ ಇರ್ತಾನೆ ಅನ್ನೋದೇ ಮರ್ತ್ಬುಟ್ಟೆ."

ಕಥೆಯೆಲ್ಲ ಸುಳ್ಳೆಂದು ನಾನು ಸಾಧಿಸಿದರೆ ಅಮ್ಮನ ಎದೆಯ ಭಾರ ಇಳಿಯುತ್ತಿತ್ತು. ಆದರೆ ಅವರಿಗಿದ್ದ ಒಂದೇ ಪರಿಹಾರವೂ ಅದರ ಜೊತೆಗೇ ಹೋಗುತ್ತಿತ್ತು. ಅದರ ಜಾಗದಲ್ಲಿ ಕೊಡಲು ನನ್ನ ಹತ್ತಿರ ಏನೂ ಇರಲಿಲ್ಲ. ಸಂಜೆ ಎಂದಿನಂತೆ ಪುಸ್ತಕ ತೆಗೆದೆ.

ಮೊನ್ನೆ ಗುಹೆಯವರೆಗೆ ಓದಿದ್ದೆ. ಅಕ್ಕ ತಡೆದಳು.

"ಕೃಷ್ಣಂಗೆ ತಂದು ತೋರ್ಸೋಕೆ ಮಣಿ ಅಂತ ಒಂದಿತ್ತು. ನಾನೇನ್ ತಂದು ತೋರಿಸ್ಲಮ್ಮ?"

ಅಮ್ಮ ನನ್ನ ಮುಖ ನೋಡಿದರು. ನಾನು ಪುಸ್ತಕ ನೋಡಿದೆ.

"ಓದೋ," ಎಂದರು ಅಮ್ಮ, ಬಹಳ ಮೆಲ್ಲಗೆ.

ಓದಿದೆ. ಕೃಷ್ಣ ಮಣಿ ತಂದ, ಊರಿನವರೆಲ್ಲ ನಂಬಿದರು, ಕಥೆ ಮುಗಿಯಿತು. ಅಕ್ಷತೆಯನ್ನು ದೇವರ ಮೇಲೆ ಹಾಕಬೇಕಿದ್ದ ಅಕ್ಕ ಮುಷ್ಟಿ ಬಿಚ್ಚದೆ ಕೂತೇ ಇದ್ದಳು.