ಎಡಗೈಯ ಗಂಟು

ಮಣಿಪಾಲದಲ್ಲಿ ಡಿಜಿಟಲ್ ಮಾಧ್ಯಮದ ವಿದ್ಯಾರ್ಥಿಗಳಿಗೆ ನಾನು ವಿನ್ಯಾಸ ಕಲಿಸುತ್ತೇನೆ. ಬಳಸುವವರನ್ನು ಮೊದಲು ತಿಳಿಯಬೇಕು, ಆಮೇಲೆ ಆ್ಯಪ್ ಮಾಡಬೇಕು ಎಂಬುದು ಪಾಠ. ಉತ್ತರ ಮುಗಿದ ಮೇಲೂ ಸುಮ್ಮನಿರಿ, ಐದರವರೆಗೆ ಎಣಿಸಿ, ಎದುರಿನವರು ಇನ್ನೂ ಏನೋ ಹೇಳುತ್ತಾರೆ ಎಂದು ಮೊದಲ ವಾರವೇ ಹೇಳಿಕೊಡುತ್ತೇನೆ.

ಮಲ್ಲಿಗೆ ಕಟ್ಟುವವರಿಗಾಗಿ ಆ್ಯಪ್ ಮಾಡಲು ಶಂಕರಪುರಕ್ಕೆ ಹೋಗಿದ್ದೆವು. ಜಗಲಿಯಲ್ಲಿ ಹೂ ಕಟ್ಟುತ್ತಿದ್ದ ಹೆಂಗಸೊಬ್ಬರು ನಮಗೆ ಬೆಲ್ಲ, ನೀರು ಕೊಟ್ಟರು. ವಿಡಿಯೊ ಮಾಡಲು ಒಪ್ಪಿಗೆಯ ಕಾಗದ ಕೊಟ್ಟಾಗ ಓದದೆ ಸಹಿ ಹಾಕಿದರು. ಮನೆಗೆ ಬಂದವರ ಎದುರು ಅವರ ಕಾಗದವನ್ನು ಓದಿ ನೋಡುವುದು ಅವರಿಗೆ ಮರ್ಯಾದೆ ಅನ್ನಿಸಿರಲಿಕ್ಕಿಲ್ಲ. ಓದದೆ ಸಹಿ ಹಾಕಿದ್ದನ್ನು ನಾನು ನೋಡಿದೆ. ಓದಿ ಹೇಳಲಿಲ್ಲ.

"ಫೋನಲ್ಲಿ ಯಾರ ಹತ್ರ ಹೆಚ್ಚು ಮಾತಾಡ್ತೀರಿ ಅಕ್ಕ?" ವಿದ್ಯಾರ್ಥಿನಿಯೊಬ್ಬಳು ಕೇಳಿದಳು.

"ಗಂಡನ ಹತ್ರ. ದುಬೈಯಲ್ಲಿದ್ದಾರೆ."

ಹುಡುಗಿ ಸುಮ್ಮನಾದಳು. ಅವಳು ಎಣಿಸುತ್ತಿದ್ದಾಳೆಂದು ನನಗೆ ಗೊತ್ತಿತ್ತು.

"ಮಾತಾಡ್ತೇನೆ ಅಂತ ಅತ್ತೆಗೆ ಹೇಳುವುದಷ್ಟೆ. ಗಂಡ ಫೋನ್ ಮಾಡದೆ ಎಂಟು ತಿಂಗಳಾಯ್ತು. ಅಮ್ಮ ಊಟ ಮಾಡಿದ್ರಾ ಅಂತ ಕೇಳಿದ್ರು ಅಂತ ದಿನಾ ನಾನೇ ಹೇಳುವುದು."

ವಿಡಿಯೊವನ್ನು ಕಾಲೇಜಿನ ಪ್ರದರ್ಶನಕ್ಕೆ ಹಾಕುವಾಗ ಅವರ ಮುಖ ಮಸುಕು ಮಾಡಿದೆವು, ಧ್ವನಿ ಬದಲಿಸಿದೆವು. ಕೈಗಳು ಚೆನ್ನಾಗಿ ಬಂದಿದ್ದವು, ಹಾಗೇ ಬಿಟ್ಟೆವು. ವಿಡಿಯೊ ಫೋನಿನಿಂದ ಫೋನಿಗೆ ಹೋಗಿ ಶಂಕರಪುರ ತಲುಪಿತು. ಅಲ್ಲಿಯವರು ಹೂವನ್ನು ಎಡಗೈಯಲ್ಲಿ ಹಿಡಿದು ಬಾಳೆನಾರನ್ನು ಬಲಗೈಯಲ್ಲಿ ಸುತ್ತುತ್ತಾರೆ. ಇವರದ್ದು ತಿರುಗಾಮುರುಗ. ನಮ್ಮಲ್ಲಿ ಒಬ್ಬರೂ ಅದನ್ನು ಗಮನಿಸಿರಲಿಲ್ಲ.

ಹೂ ಒಪ್ಪಿಸುವ ಜಾಗದಲ್ಲಿ ಯಾರೋ ನಗುತ್ತಾ ಅತ್ತೆಗೆ ಫೋನ್ ತೋರಿಸಿದರಂತೆ. "ಇದು ನಿಮ್ಮ ಎಡಚಿ ಸೊಸೆ ಅಲ್ವಾ ಮಾರಾಯ್ತಿ?"

ಅತ್ತೆ ಪೂರ್ತಿ ಕೇಳಿದರು. ಮರುದಿನವೇ ಸೊಸೆಯನ್ನು ಅಜೆಕಾರಿನ ತವರಿಗೆ ಕಳುಹಿಸಿದರು.

ವಿಡಿಯೊವನ್ನು ಪ್ರದರ್ಶನದಿಂದ ತೆಗೆದುಹಾಕಿಸಿ, ಕಾರ್ಕಳದ ಮಾರ್ಗವಾಗಿ ಅಜೆಕಾರಿಗೆ ಹೋದೆ. ಅವರು ಜಗಲಿಯಲ್ಲಿ ಕೈಕಟ್ಟಿ ಕೂತಿದ್ದರು. ತಪ್ಪಾಯಿತು ಎಂದೆ.

"ಸಹಿ ಹಾಕಿದ್ದು ನಾನೇ ಅಲ್ವಾ" ಎಂದರು. "ಇಷ್ಟು ದಿನ ಮಗ ಕೇಳಿದ ಅಂತ ಅತ್ತೆ ಎರಡು ತುತ್ತು ಹೆಚ್ಚು ಉಣ್ತಿದ್ರು. ಈಗ ಉಣ್ತಾರೋ ಇಲ್ವೋ." ಆಮೇಲೆ ಕೇಳಿದರು: "ಆ ಹುಡುಗಿ ಪಾಸಾದಳಾ?"

"ಒಳ್ಳೆ ಮಾರ್ಕು ಬಂತು."

"ಒಳ್ಳೆಯವಳು. ಬೇರೆಯವರು ಅಷ್ಟು ಹೊತ್ತು ಕೂತು ಕೇಳುವುದಿಲ್ಲ."

ಕೂತು ಕೇಳಿದ್ದಕ್ಕೇ ಮಾರ್ಕು ಕೊಟ್ಟಿದ್ದೆ. ಅದನ್ನು ಅವರಿಗೆ ಹೇಳಲಾಗಲಿಲ್ಲ.