ಹೊಲದಲ್ಲಿ ಕಲಿತ ಕೈ

ನೋಲೀನ್ ಪಾಸ್ಕೋ ಕಾರಬಿಲ್ಲ ಎಂಬ ಊರಿನ ಆಂಬುಲೆನ್ಸಿನಲ್ಲಿ ಸಂಬಳವಿಲ್ಲದೆ ದುಡಿಯಲು ತೊಡಗಿ ಇಪ್ಪತ್ತೊಂಬತ್ತು ವರ್ಷವಾಗಿತ್ತು. ಅಪಘಾತವಾಗಿ ಬಿದ್ದಲ್ಲಿಂದ, ರಸ್ತೆಯಂಚಿನಿಂದ ಎತ್ತಿದ ಎಳೆಯರ ಹೆಸರೆಲ್ಲ ಅವಳಿಗೆ ಬಾಯಿಪಾಠ. ಗೋಧಿ ಬೆಳೆಯುವ ಸಣ್ಣ ಊರು. ಎತ್ತಿದ್ದೆಲ್ಲ ಗುರುತಿನವರ ಮಕ್ಕಳನ್ನೇ. ಆಮೇಲೆ ಅಂಗಡಿಯಲ್ಲಿ ಹಾಲು ಕೊಳ್ಳುವಾಗ ಅವರ ತಾಯಂದಿರು ಎದುರಾಗುತ್ತಾರೆ, ಮಾತಾಡಿಸದೆ ವಿಧಿಯಿಲ್ಲ.

ಅದಕ್ಕೇ ಪ್ರತಿ ಮೇ ತಿಂಗಳು ಹೈಸ್ಕೂಲಿನ ದೊಡ್ಡ ಮಕ್ಕಳಿಗೆ ಅವಳದೊಂದು ಪಾಠ. ಮುರಿದ ಕುತ್ತಿಗೆಯ ಚಿತ್ರ ತೋರಿಸಿ ಹೆದರಿಸುವ ಪೈಕಿ ಅವಳಲ್ಲ. ಮೇಜಿಗೆ ಹಳೆಯ ಸ್ಟೀರಿಂಗೊಂದನ್ನು ಬಿಗಿದು, ಒಬ್ಬೊಬ್ಬರನ್ನೇ ಅದರ ಮುಂದೆ ಕೂರಿಸಿ, ಅದೂ ಇದೂ ಮಾತಾಡುತ್ತಲೇ ಇದ್ದಕ್ಕಿದ್ದಂತೆ ತಗಡು ಬಡಿದು ಕಾಂಗರೂ ಬಂತೆಂದು ಕೂಗುತ್ತಿದ್ದಳು. ಆಗ ಕೈ ಏನು ಮಾಡುತ್ತದೆ ಎಂಬುದೇ ಪರೀಕ್ಷೆ. ಸ್ಟೀರಿಂಗ್ ತಿರುಗಕೂಡದು. ಬ್ರೇಕ್ ಒತ್ತಿ ನೇರ ಹೋಗಬೇಕು, ಪ್ರಾಣಿ ಸತ್ತರೆ ಸಾಯಲಿ. ಜಲ್ಲಿ ರಸ್ತೆಯಲ್ಲಿ ಪಕ್ಕಕ್ಕೆ ಎಳೆದವನು ಕಾಂಗರೂವನ್ನು ಉಳಿಸಿ ತಾನು ಮರಕ್ಕೆ ಹೋಗಿ ಬಡಿಯುತ್ತಾನೆ.

ಆ ಶುಕ್ರವಾರ ಮೇಜಿನ ಮುಂದೆ ಕೂತವಳು ಸ್ವಂತ ಮೊಮ್ಮಗಳು ಬ್ರಯೊನಿ. ಹದಿನೇಳು ವರ್ಷ, ಹೊಸ ಚಾಲಕರ ಕೆಂಪು ಫಲಕ ಅವಳ ಕಾರಿಗೆ ಅಂಟಿ ಎರಡೇ ವಾರ. ತಗಡು ಬಡಿದದ್ದೇ ತಡ, ಹುಡುಗಿಯ ಎರಡೂ ಕೈ ಸ್ಟೀರಿಂಗನ್ನು ಎಡಕ್ಕೆ ಪೂರ್ತಿ ತಿರುಗಿಸಿಬಿಟ್ಟವು. ತರಗತಿ ನಕ್ಕಿತು, ಬ್ರಯೊನಿಯೂ ನಕ್ಕಳು. ನೋಲೀನ್ ನಗಲಿಲ್ಲ. ಆ ಕೈ ಎಲ್ಲಿ ಪಳಗಿದ್ದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಕಾರಬಿಲ್ಲದ ಮಕ್ಕಳು ಹತ್ತು ವರ್ಷಕ್ಕೆಲ್ಲ ಹೊಲದಲ್ಲಿ ಗಾಡಿ ಓಡಿಸುತ್ತಾರೆ. ಅಲ್ಲಿ ಏನು ಅಡ್ಡ ಬಂದರೂ ಪಕ್ಕಕ್ಕೆ ಎಳೆದರಾಯಿತು, ಮೈಲಿಗಟ್ಟಲೆ ಕೂಳೆಯ ಬಯಲು, ಬಡಿಯಲು ಏನೂ ಇಲ್ಲ. ಕಾನೂನು ಕೇಳುವುದು ಬೇರೆ: ಲೈಸೆನ್ಸಿಗೆ ಮುಂಚೆ ದೊಡ್ಡವರೊಬ್ಬರ ಜೊತೆ ನೂರಿಪ್ಪತ್ತು ಗಂಟೆ ರಸ್ತೆಯಲ್ಲಿ ಓಡಿಸಬೇಕು, ಅದರಲ್ಲಿ ಇಪ್ಪತ್ತು ಗಂಟೆ ಕತ್ತಲಲ್ಲಿ, ಎಲ್ಲವನ್ನೂ ಪುಸ್ತಕದಲ್ಲಿ ಬರೆದು ಸಹಿ ಹಾಕಿಸಬೇಕು. ಊರವರು ಹೊಲದ ಗಂಟೆಗಳನ್ನೇ ರಸ್ತೆಯವೆಂದು ಬರೆದುಕೊಳ್ಳುತ್ತಾರೆ. ಅದು ಸುಳ್ಳೆಂದು ಯಾರಿಗೂ ಅನ್ನಿಸಿಲ್ಲ. ಹೋದ ಸುಗ್ಗಿಯಲ್ಲಿ ಬ್ರಯೊನಿ ರಾತ್ರಿ ಕಟಾವು ಯಂತ್ರದ ಪಕ್ಕದಲ್ಲಿ ಗಾಡಿ ಓಡಿಸಿದ ಇಪ್ಪತ್ತೂ ಗಂಟೆಗೆ, ರಸ್ತೆಯವೇ ಎಂದು, ಸಹಿ ಹಾಕಿದವಳು ನೋಲೀನ್. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ.

ಮರುದಿನ ಶನಿವಾರ ಪಕ್ಕದೂರಲ್ಲಿ ನೆಟ್‌ಬಾಲ್ ಪಂದ್ಯ. ಅದು ಮುಗಿದ ಮೇಲೆ ಬ್ರಯೊನಿ ಮೂವರು ಗೆಳತಿಯರನ್ನು ಕೂರಿಸಿಕೊಂಡು ಎಪ್ಪತ್ತು ಕಿಲೋಮೀಟರ್ ಜಲ್ಲಿ ರಸ್ತೆಯಲ್ಲಿ ವಾಪಸು ಬರುವವಳಿದ್ದಳು, ಕಾಂಗರೂಗಳು ಮೇವಿಗೆ ಹೊರಡುವ ಹೊತ್ತಿಗೆ ಸರಿಯಾಗಿ.

ಶಾಲೆ ಬಿಟ್ಟ ಮೇಲೆ ಅಜ್ಜಿ ಅವಳನ್ನು ತಡೆದು, ನಾಳೆ ನೀನು ಓಡಿಸಬೇಡ ಎಂದಳು. ಹುಡುಗಿ ಹುಬ್ಬೇರಿಸಿದಳು.

"ಯಾಕೆ ಅಂತ ಅಮ್ಮಂಗೆ ನೀನೇ ಹೇಳಜ್ಜಿ. ನನ್ ಪುಸ್ತಕದಲ್ಲಿರೋದು ನಿನ್ನದೇ ಸಹಿ."

ಅಲ್ಲಿ ನೋಲೀನ್ ಹೆದರಿದಳು. ವಿಷಯ ಹೊರಬಿದ್ದರೆ ಶಾಲೆಯವರು ಮತ್ತೆ ಬಾಗಿಲೊಳಗೆ ಬಿಡುವುದಿಲ್ಲ, ಈ ಪಾಠ ಮಾಡುವವರು ಬೇರೆ ಯಾರಿದ್ದಾರೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಅಳುಕಿಗೆ ನೆಪ ಸಿಗುವುದು ಕಷ್ಟವೇ? ಈಗಲೇ ಹೋಗಿ ಅಭ್ಯಾಸ ಮಾಡಿಸಿಬಿಡೋಣ ಎಂದುಕೊಂಡು ಬ್ರಯೊನಿಯ ಕಾರಿನಲ್ಲೇ ಅವಳ ಪಕ್ಕ ಕೂತಳು.

ಐದು ಗಂಟೆ ದಾಟಿತ್ತು. ಅಲ್ಲಿ ಮೇ ಎಂದರೆ ಚಳಿಗಾಲದ ಹೊಸ್ತಿಲು; ಹೊತ್ತು ಬೇಗನೆ ಕಂತಿ, ರಸ್ತೆಯ ಎರಡೂ ಬದಿಯ ಮರಗಳು ಕಪ್ಪಾಗುತ್ತಿದ್ದವು. ಅಜ್ಜಿ ಮೂರು ಸಲ ತಟ್ಟನೆ ಕೂಗಿದಳು. ಮೂರು ಸಲವೂ ಹುಡುಗಿ ಬ್ರೇಕ್ ಒತ್ತಿ ಗಾಡಿಯನ್ನು ಗೆರೆ ಎಳೆದಂತೆ ನೇರ ನಿಲ್ಲಿಸಿದಳು. ನೋಲೀನಳ ಬಿಗಿದ ಭುಜ ಸ್ವಲ್ಪ ಸಡಿಲವಾಯಿತು.

ಆಗ ನಿಜವಾದದ್ದೇ ಬಂತು. ಪೊದೆಯಿಂದ ಬೂದು ಬಣ್ಣದ್ದೊಂದು ಹಾರಿತು, ಬ್ರಯೊನಿಯ ಕೈಗಳು ಎಡಕ್ಕೆ ಎಳೆದವು. ಜಲ್ಲಿಯ ಮೇಲೆ ಹಿಂದಿನ ಗಾಲಿಗಳು ಜಾರಿ ಕಾರು ಒಂದು ಪೂರಾ ಸುತ್ತು ಹೊಡೆಯಿತು. ಕಿಟಕಿಯಲ್ಲಿ ಮರ, ಬೇಲಿ, ಮತ್ತೆ ಮರ. ಕೊನೆಗೆ ದಪ್ಪನೆಯ ಬೊಡ್ಡೆಯೊಂದಕ್ಕೆ ಮೊಳ ದೂರದಲ್ಲಿ ನಿಂತಿತು, ನೋಲೀನ್ ಕೂತ ಕಡೆಗೇ. ಧೂಳು ನಿಧಾನವಾಗಿ ಇಳಿಯಿತು.

ಪಕ್ಕದಲ್ಲಿ ಬ್ರಯೊನಿ ನಗುತ್ತಿದ್ದಳು.

"ನೋಡಿದ್ಯಾ ಅಜ್ಜಿ, ಹೆಂಗ್ ಹಿಡ್ಕೊಂಡೆ? ಬೇರೆಯವ್ರಾಗಿದ್ರೆ ಗೋವಿಂದಾನೇ."

ಹುಡುಗಿ ಹೆದರಿ ಅತ್ತಿದ್ದರೆ ನೋಲೀನಳಿಗೆ ಜೀವ ಬರುತ್ತಿತ್ತು. ಒಮ್ಮೆ ಬಚಾವಾಗಿ ಹೀಗೆ ನಕ್ಕವರನ್ನು ಅವಳು ಕಂಡಿದ್ದಳು. ಅವರಲ್ಲಿ ಇಬ್ಬರನ್ನು ಆಮೇಲೆ ತಾನೇ ಎತ್ತಿದ್ದಳು. ಈ ರಸ್ತೆ ಈಗಷ್ಟೇ ಮೊಮ್ಮಗಳಿಗೆ ತಪ್ಪು ಪಾಠ ಕಲಿಸಿ ಮುಗಿಸಿತ್ತು.

ಅವಳು ಕೀ ಕಿತ್ತು ಮುಷ್ಟಿಯಲ್ಲಿ ಹಿಡಿದಳು. ಶಾಲೆ ಹಾಳಾಗಲಿ, ಹೆಸರು ಹಾಳಾಗಲಿ ಎಂದು ಮಗಳು, ಬ್ರಯೊನಿಯ ತಾಯಿ ಕೆರಿನ್‌ಗೆ ಫೋನ್ ಹಚ್ಚಿ, ನಡೆದದ್ದನ್ನೂ ಸಹಿಯ ವಿಷಯವನ್ನೂ ಒಂದೂ ಬಿಡದೆ ಒಪ್ಪಿಸಿದಳು. ಕೆರಿನ್ ಪೂರ್ತಿ ಕೇಳಿಸಿಕೊಂಡಳು.

"ಅಷ್ಟೇನಾ ಅಮ್ಮಾ? ನಾನೂ ಮೂವತ್ತು ಗಂಟೆ ಹಂಗೇ ಬರ್ದಿದೀನಿ. ನನ್ ಪುಸ್ತಕಕ್ಕೆ ಅಪ್ಪ ಬರೀಲಿಲ್ವಾ? ನಾನೇನ್ ಸತ್ತೋದ್ನಾ? ಗಾಡಿಗೆ ಏನೂ ಆಗಿಲ್ಲ ತಾನೆ? ಮನೆಗೆ ಬನ್ನಿ, ಊಟ ತಣ್ಣಗಾಗುತ್ತೆ."

ತಾನೇ ತಪ್ಪೊಪ್ಪಿ ಲೈಸೆನ್ಸನ್ನೇ ತಡೆಸಿಬಿಡೋಣವೆಂದು ನೋಲೀನ್ ಲೈಸೆನ್ಸ್ ಕಚೇರಿಗೆ ಫೋನ್ ಮಾಡಿದಳು. ಮೊದಲೇ ಮುದ್ರಿಸಿಟ್ಟ ದನಿಯೊಂದು ಕಚೇರಿ ಮುಚ್ಚಿದೆ, ಸೋಮವಾರ ಬೆಳಿಗ್ಗೆ ಎಂಟೂವರೆಗೆ ತೆರೆಯುತ್ತದೆ ಎಂದಿತು. ಅವಳು ಆ ಮಾತನ್ನು ಎರಡು ಸಲ ಕೇಳಿಸಿಕೊಂಡಳು.

ನಾಳೆಗೂ ಕೀ ಕೊಡುವುದಿಲ್ಲ ಎಂದಳು. ಬ್ರಯೊನಿಗೆ ಸಿಟ್ಟೇನೂ ಬರಲಿಲ್ಲ. ಕೀ ಹಿಡಿದ ಅಜ್ಜಿಯ ಮುಷ್ಟಿಯನ್ನು ಮುದ್ದಿನಿಂದ ಸವರಿದಳು.

"ಇಟ್ಕೋ ಅಜ್ಜಿ. ಮನೇಲಿ ಅಮ್ಮನ ಹತ್ರ ಇನ್ನೊಂದಿದೆ."