ಮಾವನ ಕಾರಿನ ನೆಗ್ಗು

ನಾನು ಮದುವೆಯಾಗಿ ದೇವನಹಳ್ಳಿಗೆ ಬಂದ ವರ್ಷ, ಗೌರಿ ಹಬ್ಬದ ದಿನ ಅಪ್ಪ ಮತ್ತು ತಮ್ಮ ತವರಿನ ಬಾಗಿನ ತಂದರು. ತಮ್ಮ ತನ್ನ ಗೂಡ್ಸ್ ಗಾಡಿಯಲ್ಲೇ ಬಂದಿದ್ದ. ದೊಡ್ಡಬಳ್ಳಾಪುರದ ಮಗ್ಗದ ಮನೆಗಳಿಂದ ಸೀರೆ ಗಂಟುಗಳನ್ನು ಎತ್ತಿಕೊಂಡು ಹೋಗಿ ಬೆಂಗಳೂರಿನ ಅಂಗಡಿಗಳಿಗೆ ಮುಟ್ಟಿಸುವುದು ಅವನ ಕಸುಬು. ಅವತ್ತು ಗಾಡಿ ತೊಳೆದು, ಮುಂದೆ ಚೆಂಡುಹೂವಿನ ಹಾರ ಕಟ್ಟಿ, ಅಪ್ಪನಿಗೆ ಹೊಸ ಪಂಚೆ ಉಡಿಸಿ ಕರೆತಂದಿದ್ದ.

ಊಟ ಚೆನ್ನಾಗಿಯೇ ಆಯಿತು. ಅತ್ತೆ ಒಬ್ಬಟ್ಟಿನ ಮೇಲೆ ತುಪ್ಪ ಸುರಿದು ಬಡಿಸಿದರು. ಸಂಜೆ ಯಾವುದೋ ಲೋಡು ಎತ್ತಬೇಕಿದ್ದ ತಮ್ಮ ಅವಸರದಲ್ಲಿದ್ದ. ಅಪ್ಪ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದಾಗಲೇ ಗಾಡಿ ತಿರುಗಿಸಿಕೊಳ್ಳಲು ಹೊರಗೆ ಹೋದ. ನಮ್ಮ ಬೀದಿ ಕಿರಿದು. ಅದರಲ್ಲಿ ಅರ್ಧವನ್ನು ಮಾವನ ಕಾರು ಹಿಡಿದಿತ್ತು. ಗೇಟು ಸ್ವಲ್ಪ ಅಗಲ ಮಾಡಿಸಿದ್ದರೆ ಕಾರು ಒಳಗೆ ಹಿಡಿಸುತ್ತಿತ್ತು. ಆದರೆ ಮಾವನಿಗೆ ಅದು ಬೀದಿಯಲ್ಲೇ ನಿಲ್ಲಬೇಕಿತ್ತು, ಹೋಗುವವರು ಬರುವವರು ನೋಡಬೇಕಿತ್ತು. ಸರ್ಕಾರಿ ಕೆಲಸದಿಂದ ನಿವೃತ್ತರಾದಾಗ ಬಂದ ಹಣದಲ್ಲಿ ಕೊಂಡ ಬಿಳಿ ಕಾರು ಅದು. ಬೀಗರ ಹತ್ತಿರ ಏನೂ ಕೇಳದೆ ತಾವೇ ಕೊಂಡದ್ದು ಎಂದು ನನ್ನೆದುರಿಗೇ ಎಷ್ಟೋ ಜನಕ್ಕೆ ಹೇಳಿದ್ದರು.

ಕರ್ ಎಂದು ತಗಡು ಕೆರೆದ ಸದ್ದು ನಡುಮನೆಯವರೆಗೂ ಬಂತು. ಎಲ್ಲರೂ ಎದ್ದು ಓಡಿದೆವು. ಅಪ್ಪ ಮಾತ್ರ ಕೂತಲ್ಲೇ ಕೂತು, ಹೂರಣ ಎಷ್ಟು ನುಣ್ಣಗಿತ್ತು ಎಂದು ಖಾಲಿ ಕೋಣೆಗೆ ಹೇಳುತ್ತಿದ್ದ. ಹುಡುಗನಾಗಿದ್ದಾಗಿನಿಂದ ಪವರ್‌ಲೂಮಿನ ಸದ್ದಿನಲ್ಲೇ ಬದುಕಿದವನ ಕಿವಿ ಆಗಲೇ ಮುಕ್ಕಾಲು ಹೋಗಿತ್ತು.

ಹೊರಗೆ ತಮ್ಮನ ಗಾಡಿಯ ಹಿಂಬದಿಯ ಕೊಂಡಿ ಕಾರಿನ ಎಡಗಡೆಯ ಹಿಂದಿನ ಬಾಗಿಲಿಗೆ ತಾಗಿತ್ತು. ಅಂಗೈಯಗಲ ನೆಗ್ಗಿತ್ತು, ಅಲ್ಲಿಂದ ಒಂದು ಗೇಣು ಗೀರು ಎಳೆದಿತ್ತು. ಅಷ್ಟೇ.

"ಮಾವ, ನಂದೇ ತಪ್ಪು," ಎಂದ ತಮ್ಮ. ಅವನ ಮುಖ ಬಿಳಿಚಿಕೊಂಡಿತ್ತು. "ಕಾರು ಕೊಡಿ, ನಾನೇ ತಗೊಂಡೋಗಿ ಸರಿ ಮಾಡಿಸ್ಕೊಂಡು ತಂದ್ಬಿಡ್ತೀನಿ. ಇನ್ಶೂರೆನ್ಸಲ್ಲಿ ಮಾಡಿಸೋಣ ಅಂದ್ರೆ ಅದಕ್ಕೂ ಸರಿ. ಖರ್ಚು ಏನು ಬೀಳುತ್ತೋ ನಂದು."

ಮಾವ ಬಗ್ಗಿ ನೋಡಿದರು. ಬೆರಳಿನಿಂದ ಗೀರನ್ನು ಸವರಿದರು. ಆಮೇಲೆ ನಕ್ಕರು.

"ನೆಂಟರ ಮಧ್ಯೆ ಎಂಥದಪ್ಪಾ ಇನ್ಶೂರೆನ್ಸು? ಹಬ್ಬದ ದಿನ ಅದೆಲ್ಲ ಮಾತಾಡ್ಬಾರ್ದು. ಹೋಗಿ ಬಾ."

ನನಗೆ ಹೋದ ಜೀವ ಬಂದಂತಾಯಿತು. ವಿಷಯವನ್ನು ಅಪ್ಪನ ಕಿವಿಯ ಹತ್ತಿರ ಕೂಗಿ ಹೇಳಿದಾಗ ಅವನು ಎರಡೂ ಕೈ ಎತ್ತಿ ಮಾವನಿಗೆ ಮುಗಿದ. ಗಾಡಿ ಹತ್ತಿ ಕೂತ ಮೇಲೂ ಮುಗಿಯುತ್ತಲೇ ಇದ್ದ.

ಮಾರನೆಯ ಬೆಳಿಗ್ಗೆ ಮಾವ ಕಾರು ಒರೆಸುತ್ತಿದ್ದರು. ಎದುರು ಮನೆಯವರು ಹಾಲು ತರಲು ಹೋಗುತ್ತಿದ್ದವರು ನಿಂತು, ಏನಾಯಿತು ಸಾರ್ ಎಂದು ಕೇಳಿದರು.

"ನಮ್ಮ ಬೀಗರು ಬಾಗಿನ ತಂದಿದ್ರಲ್ಲ," ಎಂದರು ಮಾವ. "ಮೊರದ್ದು ಒಳಗೆ ಕೊಟ್ರು. ಇದನ್ನ ಹೊರಗೆ ಕೊಟ್ಟು ಹೋದ್ರು."

ರಂಗೋಲಿ ಬಿಡುತ್ತಿದ್ದ ನಾನು ತಲೆ ಎತ್ತಲಿಲ್ಲ. ತಮಾಷೆಗೆ ಅಂದದ್ದು, ಒಂದೆರಡು ದಿನದಲ್ಲಿ ಮುಗಿಯುತ್ತದೆ ಎಂದುಕೊಂಡೆ. ಆದರೆ ಆ ವಾರದಲ್ಲೇ ಮಾವ ಕಾರು ನಿಲ್ಲಿಸುವ ರೀತಿ ಬದಲಾಯಿಸಿದರು. ಹಬ್ಬದ ದಿನ ಬೀದಿಯ ಆ ತುದಿಯಿಂದ ಬಂದು ನಿಲ್ಲಿಸಿದ್ದರಿಂದ ಕಾರು ತಿರುಗಿ ನಿಂತಿತ್ತು, ಇಲ್ಲದಿದ್ದರೆ ಅದರ ಎಡಮಗ್ಗುಲು ಕಾಂಪೌಂಡಿನ ಕಡೆಗಿರುತ್ತಿತ್ತು. ಈಗ ಬೀದಿಯ ತುದಿಗೆ ಹೋಗಿ ತಿರುಗಿಸಿಕೊಂಡು ಬಂದು, ನೆಗ್ಗಿದ ಬಾಗಿಲು ಬೀದಿಗೆ ಕಾಣುವಂತೆ ನಿಲ್ಲಿಸತೊಡಗಿದರು. ಬಂದವರು ಕೇಳಿಯೇ ಕೇಳುತ್ತಿದ್ದರು. ಗ್ಯಾಸಿನವನು, ಚೀಟಿ ಕಟ್ಟಿಸಿಕೊಳ್ಳುವವಳು, ಅತ್ತೆಯ ಅಣ್ಣಂದಿರು, ಎಲ್ಲರಿಗೂ ಬಾಗಿನದ ಮಾತು ಸಿಕ್ಕಿತು.

ನನ್ನ ಗಂಡ ವಿಮಾನ ನಿಲ್ದಾಣದ ಹತ್ತಿರದ ಒಂದು ಗೋದಾಮಿನಲ್ಲಿ ಕೆಲಸಕ್ಕಿದ್ದರು. ಮೆತ್ತಗಿನ ಮನುಷ್ಯ. ನಾನು ಒತ್ತಾಯ ಮಾಡಿದ್ದಕ್ಕೆ ಒಂದು ದಿನ ಊಟಕ್ಕೆ ಕೂತಾಗ ಮಾತು ತೆಗೆದರು.

"ಅಪ್ಪ, ನಮ್ಮ ಇನ್ಶೂರೆನ್ಸಲ್ಲೇ ಕ್ಲೇಮ್ ಹಾಕ್ಬಿಡೋಣ. ಸರ್ವೇಯರ್ ಬಂದು ನೋಡ್ಕೊಂಡು ಹೋಗ್ತಾನೆ, ಶೋರೂಮಿನವರೇ ಮಾಡ್ಕೊಡ್ತಾರೆ."

"ಕ್ಲೇಮ್ ಹಾಕಿದ್ರೆ ಮುಂದಿನ ವರ್ಷ ಪ್ರೀಮಿಯಮ್ಮಲ್ಲಿ ಕಡಿಮೆ ಮಾಡೋದನ್ನ ಮಾಡಲ್ಲ. ಅವನು ಗುದ್ದಿದ್ದಕ್ಕೆ ನಾನ್ಯಾಕೆ ಕಳ್ಕೊಳ್ಳಲಿ?"

"ಹಾಗಾದ್ರೆ ಅವನೇ ಮಾಡಿಸ್ಕೊಡ್ತೀನಿ ಅಂತಾನಲ್ಲ."

"ನೆಂಟರ ಹತ್ರ ದುಡ್ಡು ಇಸ್ಕೊಳ್ಳೋದಾ? ನನ್ನ ಏನಂದ್ಕೊಂಡಿದೀಯಾ?" ಎಂದು ಮಾವ ಮಜ್ಜಿಗೆಗೆ ಕೈ ಚಾಚಿದರು.

ನನ್ನ ಗಂಡ ಅಲ್ಲಿಗೆ ನಿಲ್ಲಿಸಿದರು. ಕೋಣೆಗೆ ಬಂದ ಮೇಲೆ, "ಬಿಡು, ಅವರ ಸ್ವಭಾವ ಅದು," ಎಂದರು. ನನಗೆ ಆಗ ಅರ್ಥವಾಯಿತು. ಮಾವನಿಗೆ ಬಾಗಿಲು ಸರಿಹೋಗುವುದು ಬೇಕಿರಲಿಲ್ಲ. ಹೊಸ ಬಾಗಿಲಿಗಿಂತ ಈ ಬಾಗಿಲೇ ಅವರಿಗೆ ಹೆಚ್ಚು ಉಪಯೋಗಕ್ಕೆ ಬರುತ್ತಿತ್ತು. ಸಾರಿಗೆ ಉಪ್ಪು ಹೆಚ್ಚಾದರೆ, ನಾನು ಎದ್ದದ್ದು ತಡವಾದರೆ, ಅವರು ಗದರುತ್ತಿರಲಿಲ್ಲ. ಎದ್ದು ಹೋಗಿ ಒಣಬಟ್ಟೆ ತೆಗೆದುಕೊಂಡು ಕಾರಿನ ಆ ಬಾಗಿಲನ್ನು ಒರೆಸುತ್ತಾ ನಿಲ್ಲುತ್ತಿದ್ದರು.

ಅಷ್ಟರಲ್ಲಿ ತಮ್ಮ ತನ್ನ ಗಾಡಿಗೆ ಇನ್ಶೂರೆನ್ಸ್ ಮಾಡಿಸಿದ್ದ ಏಜೆಂಟನ್ನು ಕೇಳಿದ್ದ. ಗುದ್ದಿದವನ ಇನ್ಶೂರೆನ್ಸಿನಿಂದ ವಸೂಲಿ ಮಾಡಬೇಕೆಂದರೆ ಪೊಲೀಸು, ಕೋರ್ಟು ಅಂತ ಅಲೆಯಬೇಕು, ಇಷ್ಟು ಸಣ್ಣದಕ್ಕೆ ಯಾರೂ ಹೋಗುವುದಿಲ್ಲ ಎಂದು ಅವನು ಹೇಳಿದನಂತೆ. ಕಾರಿನವರು ಅವರ ಇನ್ಶೂರೆನ್ಸಿನಲ್ಲೇ ಮಾಡಿಸಿಕೊಳ್ಳಲಿ, ಅವರ ಕೈಯಿಂದ ಹೋಗುವ ಪಾಲನ್ನೂ ಮುಂದಿನ ವರ್ಷ ತಪ್ಪುವ ರಿಯಾಯಿತಿಯನ್ನೂ ನೀನು ಕೊಟ್ಟುಬಿಡು, ಇಬ್ಬರಿಗೂ ನಷ್ಟವಿಲ್ಲ ಎಂದನಂತೆ. ತಮ್ಮನಿಗೆ ಅದು ನ್ಯಾಯವಾಗಿ ಕಂಡಿತು. ಫೋನಿನಲ್ಲಿ ಹೇಳಿದರೆ ಮರ್ಯಾದೆಯಲ್ಲ, ನಾನೇ ಹೋಗಿ ಕೇಳುತ್ತೇನೆ ಎಂದು ಅಪ್ಪ ಹೊರಟ.

ಅವನು ಬಂದಾಗ ಮಾವ ಜಗಲಿಯ ಮೇಲೆ ಇಬ್ಬರು ಹಳೆಯ ಸಹೋದ್ಯೋಗಿಗಳ ಜೊತೆ ಕೂತಿದ್ದರು. ಅಪ್ಪ ಕುರ್ಚಿಯ ತುದಿಯಲ್ಲಿ ಕೂತು, ಕಿವಿ ಕೇಳದವರು ಮಾತಾಡುವ ಹಾಗೆ ಬೀದಿಗೆಲ್ಲ ಕೇಳುವಂತೆ ಏಜೆಂಟ್ ಹೇಳಿದ್ದನ್ನು ಒಪ್ಪಿಸಿದ. ಕೊನೆಗೆ, "ತಾವು ಹೂಂ ಅಂದ್ರೆ ಸಾಕು ಬೀಗರೇ. ಹುಡುಗ ಊಟ ಸರಿಯಾಗಿ ಮಾಡ್ತಿಲ್ಲ," ಎಂದ.

ನಾನು ಕಾಫಿಯ ತಟ್ಟೆ ಹಿಡಿದು ಬಾಗಿಲಿಗೆ ಬಂದಿದ್ದೆ. ಮಾವ ನನ್ನನ್ನು ನೋಡಿದರು. ಆಮೇಲೆ ಅಪ್ಪನ ಕಡೆ ತಿರುಗಿ, ಮುಖದಲ್ಲಿ ನಗು ಇಟ್ಟುಕೊಂಡೇ, ಪಕ್ಕದವರಿಗೂ ಬಾಗಿಲಲ್ಲಿದ್ದ ನನಗೂ ಮಾತ್ರ ಕೇಳುವಷ್ಟು ತಗ್ಗಿದ ದನಿಯಲ್ಲಿ ಹೇಳಿದರು.

"ಮಗನಿಗೆ ಕಣ್ಣಿಲ್ಲ. ಅಪ್ಪನಿಗೆ ಕಿವಿಯಿಲ್ಲ. ಮಗಳಿಗೆ ಇನ್ನೇನಿಲ್ವೋ, ಕಟ್ಕೊಂಡೋನು ಹೇಳ್ಬೇಕು."

ಅಪ್ಪ ಮಾವನ ಮುಖವನ್ನೇ ನೋಡುತ್ತಿದ್ದ. ನಗು ಕಂಡು ಅವನೂ ನಕ್ಕ. "ಹೌದು ಹೌದು. ಅದು ತಮ್ಮ ದೊಡ್ಡತನ," ಎಂದ.

ಸಹೋದ್ಯೋಗಿಗಳಲ್ಲಿ ಒಬ್ಬರು ನಗು ತಡೆಯಲಾಗದೆ ಕರವಸ್ತ್ರ ಬಾಯಿಗೆ ಒತ್ತಿಕೊಂಡರು. ಮಾವ ಇನ್ನೂ ಮೆಲ್ಲಗೆ ಮತ್ತೊಂದು ಮಾತು ಹೇಳಿದರು, ಅಪ್ಪ ಅದಕ್ಕೂ ತಲೆಯಾಡಿಸಿದ. ಮತ್ತೊಂದು, ಅದಕ್ಕೂ. ಅವನ ಎದುರಿಗೆ ಕಾಫಿ ಲೋಟ ಇಡುವಾಗ ಒಂದಿಷ್ಟು ಬಟ್ಟಲಿಗೆ ಚೆಲ್ಲಿದೆ. "ನೋಡಿದ್ರಾ," ಎಂದರು ಮಾವ. ಮೂವರೂ ನಕ್ಕರು. ಅಪ್ಪನೂ ನಕ್ಕ.

ಬಸ್ ಸ್ಟ್ಯಾಂಡಿನವರೆಗೆ ಬಿಟ್ಟುಬರಲು ಹೋದೆ. ಅಪ್ಪ ಖುಷಿಯಲ್ಲಿದ್ದ. ದಾರಿಯಲ್ಲಿ ನಿಂತು, "ಏನಂದ್ರಮ್ಮಾ ಕೊನೆಗೆ? ಒಪ್ಪಿದ್ರು ತಾನೆ? ನನಗೆ ಅರ್ಧ ಕೇಳಿಸ್ಲಿಲ್ಲ," ಎಂದ.

"ಒಪ್ಪಿದ್ರು," ಎಂದೆ.

"ಆಂ?"

ಹೂವಿನ ಅಂಗಡಿಯವಳು, ಆಟೋದವರು ಎಲ್ಲ ತಿರುಗಿ ನೋಡುವಂತೆ ನಾನು ಕೂಗಬೇಕಾಯಿತು. "ಒಪ್ಪಿದ್ರು ಕಣಪ್ಪಾ."

ಅವನು ನನ್ನ ತಲೆ ಮುಟ್ಟಿ ಬಸ್ಸು ಹತ್ತಿದ. ಒಳ್ಳೆಯ ಮನೆಗೆ ಸೇರಿದ್ದೀಯ ಎಂದು ಕಿಟಕಿಯಿಂದ ಹೇಳಿದ.

ಆ ತಿಂಗಳೆಲ್ಲ ಅಪ್ಪ ಮಗ್ಗದ ಮನೆಗಳಲ್ಲಿ ಬೀಗರ ಗುಣಗಾನ ಮಾಡಿಕೊಂಡು ಓಡಾಡಿದ. ತಮ್ಮ, ರಿಪೇರಿಯ ಬಿಲ್ಲು ಬರುತ್ತದೆಂದು ಕಾದ. ಬರದಿದ್ದಾಗ ಮಾವನಿಗೇ ಫೋನು ಮಾಡಿದ. ಮಾವ ಸೋಫಾದಲ್ಲಿ ಕಾಲು ಚಾಚಿಕೊಂಡು ಉತ್ತರ ಕೊಟ್ಟದ್ದನ್ನು ನಾನು ಅಡುಗೆಮನೆಯಿಂದ ಕೇಳಿಸಿಕೊಂಡೆ.

"ಯಾವ ಬಿಲ್ಲಪ್ಪಾ? ನಿಮ್ಮಪ್ಪಂಗೆ ನಾನು ಏನಂದೆ ಅಂತ ಅವರನ್ನೇ ಕೇಳು. ಕೇಳಿಸ್ಕೊಂಡಿದ್ರೆ ಹೇಳ್ತಾರೆ."

ತಮ್ಮ ಕೂಡಲೇ ನನಗೆ ಫೋನು ಮಾಡಿದ. ನಾನು ಹಿತ್ತಲಿಗೆ ಹೋಗಿ ಆ ದಿನ ನಡೆದದ್ದನ್ನೆಲ್ಲ ಹೇಳಿದೆ. ಅವನ ಹಿಂದೆ ಯಾವುದೋ ಮಗ್ಗ ಓಡುತ್ತಿದ್ದ ಸದ್ದು ಕೇಳುತ್ತಿತ್ತು.

"ಅಪ್ಪ ನಗ್ತಿದ್ನಾ ಅಕ್ಕ?"

"ಹೂಂ ಕಣೋ."

"ಅವನಿಗೆ ಹೇಳ್ಬೇಡ," ಎಂದು ಫೋನು ಇಟ್ಟ.

ಮುಂದಿನ ಬೇಸಿಗೆಯಲ್ಲಿ ಮಾವ, ಅತ್ತೆ ಬೀದಿಯವರ ಜೊತೆ ಬಸ್ಸು ಮಾಡಿಕೊಂಡು ತೀರ್ಥಯಾತ್ರೆಗೆ ಹೋದರು. ಆಗ ನಾನು ನನ್ನ ಗಂಡನ ಎದುರಿಗೆ ಕಾರಿನ ಕೀಲಿ ಇಟ್ಟೆ. ಸೀರೆಗಳಿಗೆ ಕುಚ್ಚು ಹಾಕಿ ಕೂಡಿಟ್ಟ ಹಣವನ್ನೂ ಇಟ್ಟೆ. ಮಾವನನ್ನು ಕೇಳದೆ ಹೇಗೆ ಎಂದು ಅವರು ಒಂದು ಇಡೀ ದಿನ ಒದ್ದಾಡಿದರು. ಪಾಲಿಸಿ ಮಾವನ ಹೆಸರಿನಲ್ಲಿತ್ತು, ಅವರ ಸಹಿ ಇಲ್ಲದೆ ಕ್ಲೇಮ್ ಆಗುವಂತಿರಲಿಲ್ಲ. ಕೊನೆಗೆ ಊರಾಚೆಯ ಟಿಂಕರಿಂಗ್ ಶೆಡ್ಡಿಗೆ ಬಿಟ್ಟೆವು. ಯಾತ್ರೆಯವರು ಬರುವಷ್ಟರಲ್ಲಿ ಕಾರು ಬೀದಿಗೆ ಬಂದು ನಿಂತಿತ್ತು. ಬಾಗಿಲು ನುಣ್ಣಗಿತ್ತು. ಬಿಸಿಲಿನಲ್ಲಿ, ನೆರಳಿನಲ್ಲಿ, ಎಲ್ಲಿಂದ ನೋಡಿದರೂ ಎಲ್ಲಿ ಪೆಟ್ಟಾಗಿತ್ತೆಂದು ಹೇಳಲು ಸಾಧ್ಯವಿರಲಿಲ್ಲ. ನಾನು ಹತ್ತು ಸಲ ಹೋಗಿ ನೋಡಿ ಬಂದಿದ್ದೆ.

ಮಾವ ಬಸ್ಸಿಳಿದವರು ಮನೆಯೊಳಗೆ ಬರುವ ಮುಂಚೆ ಕಾರಿನ ಹತ್ತಿರ ನಿಂತರು. ಅಂಗೈಯಿಂದ ಬಾಗಿಲನ್ನು ಸವರಿದರು. ಕೈಕಾಲು ತೊಳೆದು, ಪ್ರಸಾದ ಹಂಚಿ, ಊಟಕ್ಕೆ ಕೂತ ಮೇಲೆ ಮಗನನ್ನು ಕೇಳಿದರು.

"ಯಾರನ್ನ ಕೇಳಿ ಮಾಡಿಸ್ದೆ?"

ನನ್ನ ಗಂಡ ತಟ್ಟೆಯಿಂದ ಕಣ್ಣೆತ್ತಲಿಲ್ಲ. "ನಾನಲ್ಲ. ಇವಳೇ ಹಟ ಮಾಡಿದ್ಲು," ಎಂದರು.

ಮಾವ ನನ್ನ ಕಡೆ ನೋಡಿ, "ಒಳ್ಳೇದಾಯ್ತಮ್ಮ," ಎಂದರು. ಅವತ್ತು ರಾತ್ರಿ ನಾನು ಗಂಡನ ಕಡೆಗೆ ಬೆನ್ನು ಮಾಡಿ ಮಲಗಿದೆ.

ಭಾನುವಾರ ಅತ್ತೆಯ ಅಣ್ಣ ಬಂದರು. ಮಾವ ಅವರನ್ನು ಕೈಹಿಡಿದು ಕಾರಿನ ಹತ್ತಿರ ಕರೆದುಕೊಂಡು ಹೋದರು. "ಇಲ್ಲಿ ನೋಡಿ, ಪುಟ್ಟಿ ಹಾಕಿ ಮುಚ್ಚಿದಾರೆ. ಬಣ್ಣ ಒಂಚೂರು ಬೇರೆ ಆಗಿದೆ. ಗೊತ್ತಾಗುತ್ತಾ?"

ಅವರು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. "ಹೂಂ, ಸ್ವಲ್ಪ ಮಬ್ಬಾಗಿದೆ," ಎಂದರು.

ಅಲ್ಲಿಂದ ಮುಂದೆ ಬಂದವರೆಲ್ಲ ಆ ನುಣುಪು ಬಾಗಿಲಿನ ಮುಂದೆ ಬಗ್ಗಿದರು. ಎಲ್ಲರಿಗೂ ಕಂಡಿತು.

ನನ್ನ ಮಗನ ನಾಮಕರಣಕ್ಕೆ ತಮ್ಮ ಬಂದ. ಅಪ್ಪ ಹಟ ಹಿಡಿದದ್ದಕ್ಕೆ ಬಂದದ್ದು. ಗಾಡಿಯನ್ನು ಮುಖ್ಯ ರಸ್ತೆಯಲ್ಲೇ ಬಿಟ್ಟು, ತೊಟ್ಟಿಲು ಹೊತ್ತುಕೊಂಡು ನಡೆದು ಬಂದಿದ್ದ. ಮಾವನಿಗೆ ನಮಸ್ಕಾರ ಮಾಡು ಎಂದು ಅಪ್ಪ ಹೇಳಿದಾಗ ಬಗ್ಗಿ ಕಾಲು ಮುಟ್ಟಿದ. ಮಾವ ಅವನ ಬೆನ್ನು ತಟ್ಟಿ, "ಹುಷಾರಾಗಿ ಬಂದ್ಯಾ? ದಾರೀಲಿ ಯಾರಿಗೂ ಏನೂ ಆಗ್ಲಿಲ್ಲ ತಾನೆ?" ಎಂದರು. ಸುತ್ತ ಕೂತಿದ್ದವರು ನಕ್ಕರು. ಅವರಿಗೆಲ್ಲ ಕಥೆ ಗೊತ್ತಿತ್ತು.

ಎಲ್ಲರೂ ನಗುವುದನ್ನು ಕಂಡು ಅಪ್ಪನಿಗೆ ಉತ್ಸಾಹ ಬಂತು. ತೊಟ್ಟಿಲ ಪಕ್ಕ ಎದ್ದು ನಿಂತ. "ಈ ದಿನ ಒಂದು ಮಾತು ಹೇಳ್ಬೇಕು," ಎಂದು ಆ ದೊಡ್ಡ ದನಿಯಲ್ಲಿ ಶುರು ಮಾಡಿದ. "ನನ್ನ ಮಗ ಇವರ ಹೊಸಾ ಕಾರಿಗೆ ಗುದ್ದಿದ. ಬೇರೆಯೋರಾಗಿದ್ರೆ ಸ್ಟೇಷನ್ ಮೆಟ್ಲು ಹತ್ತಿಸ್ತಿದ್ರು. ನಮ್ಮ ಬೀಗರ ಬಾಯಿಂದ ಒಂದು ಕೆಟ್ಟ ಮಾತು ಇವತ್ತಿನವರೆಗೂ ನನ್ನ ಕಿವಿಗೆ ಬಿದ್ದಿಲ್ಲ."

ಆಮೇಲೆ ಬಂದ ನಗು ಇಡೀ ಮನೆಯನ್ನು ತುಂಬಿತು. ಹೆಂಗಸರು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಜಗಲಿಯ ಆ ಇಬ್ಬರು ಸಹೋದ್ಯೋಗಿಗಳೂ ಅಲ್ಲಿದ್ದರು, ಒಬ್ಬರ ಕಣ್ಣಲ್ಲಿ ನೀರೇ ಬಂದಿತ್ತು. ಅಪ್ಪ ತನ್ನ ಮಾತು ಎಲ್ಲರಿಗೂ ಹಿಡಿಸಿತೆಂದು ಸುತ್ತ ತಿರುಗಿ ಕೈಮುಗಿದ. ಮಾವ ಅವನನ್ನು ಅಪ್ಪಿಕೊಂಡರು. ಯಾರೋ ಫೋಟೊ ತೆಗೆದರು.

ಊಟಕ್ಕೆ ಎಲೆ ಹಾಕುವ ಹೊತ್ತಿಗೆ ತಮ್ಮ ಎದ್ದು ಹೋಗಿದ್ದ. ಮಗುವನ್ನು ಅತ್ತೆಯ ಕೈಗೆ ಕೊಟ್ಟು ನಾನು ಹಿಂದೆಯೇ ಹೋದೆ. ಬೀದಿಯ ತಿರುವಿನಲ್ಲಿ ಸಿಕ್ಕಿದ.

"ಇನ್ಮೇಲೆ ಬರಲ್ಲ ಅಕ್ಕ. ಬೇಜಾರು ಮಾಡ್ಕೋಬೇಡ."

"ಅಪ್ಪನ್ನ ಯಾರು ಕರ್ಕೊಂಡು ಬರ್ತಾರೆ?"

"ಬರ್ಬೇಡ ಅಂದ್ರೆ ಯಾಕೆ ಅಂತ ಕೇಳ್ತಾನೆ. ಏನಂತ ಹೇಳ್ಲಿ?" ಎಂದ. ಅಪ್ಪನನ್ನು ಸಂಜೆ ಬಸ್ಸಿಗೆ ಹತ್ತಿಸು ಎಂದು ಹೇಳಿ ಗಾಡಿಯ ಕಡೆಗೆ ಹೊರಟ.

ಅವನು ಹೇಳಿದಂತೆಯೇ ನಡೆದುಕೊಂಡ. ಈಗ ಗೌರಿ ಹಬ್ಬಕ್ಕೆ ಅಪ್ಪ ಒಬ್ಬನೇ ಬಸ್ಸಿನಲ್ಲಿ ಬಾಗಿನ ತರುತ್ತಾನೆ. ಮಾವ ಅವನನ್ನು ಜಗಲಿಯಲ್ಲಿ ತಮ್ಮ ಪಕ್ಕದ ಕುರ್ಚಿಯಲ್ಲೇ ಕೂರಿಸಿಕೊಳ್ಳುತ್ತಾರೆ, ಸ್ನೇಹಿತರನ್ನು ಕರೆಸುತ್ತಾರೆ. ನನ್ನ ಗಂಡನಿಗೆ ಆ ಹೊತ್ತಿಗೆ ಏನಾದರೂ ಹೊರಗಿನ ಕೆಲಸ ಹುಟ್ಟಿಕೊಳ್ಳುತ್ತದೆ. ನಾನು ಒಲೆಯ ಮುಂದೆ ಹೂರಣ ತಿರುವುತ್ತಾ, ಮಾವನ ದನಿ ತಗ್ಗುವುದನ್ನೂ ಅಪ್ಪ ಹೌದು ಹೌದು ಎನ್ನುವುದನ್ನೂ ಕೇಳುತ್ತೇನೆ. ಮಗನಿಗೆ ಈಗ ಮಾತು ತಿಳಿಯುವ ವಯಸ್ಸು. ಮೊನ್ನೆಯ ಹಬ್ಬದಲ್ಲಿ ಒಳಗೆ ಓಡಿ ಬಂದು, ಎಲ್ಲರೂ ಊರಿನ ತಾತನ್ನ ನೋಡಿ ಯಾಕಮ್ಮಾ ನಗ್ತಾರೆ ಎಂದು ಕೇಳಿದ. ತಾತ ತುಂಬಾ ಒಳ್ಳೆಯೋರು ಅದಕ್ಕೆ ಎಂದೆ. ಅವನು ಜಗಲಿಗೆ ವಾಪಸು ಹೋಗಿ, ಅವರೆಲ್ಲರ ಜೊತೆ ನಗತೊಡಗಿದ.